ಲ್ಯಾಪ್‌ಟಾಪಿನ ಸೆಲ್ ತೆಗೆದವರು ಯಾರು?

ಲ್ಯಾಪ್‌ಟಾಪು ಮತ್ತೆ ಎರಡು ಸಾವಿರದ ಎರಡನೇ ಇಸವಿಗೆ ಓಡಿಹೋಗಿತ್ತು!

ಭದ್ರಾವತಿಯ ಡಿಟಿಪಿ ಅಂಗಡಿಯಲ್ಲಿ ಮಾಲೀಕ ವಿಶ್ವಾರಾಧ್ಯ ಗಿರಾಕಿಗಳೆದುರೇ ಕೂಗಾಡಿದ. "ಆರು ವರ್ಷ ಹಿಂದಿನ ತಾರೀಖು! ಮೊನ್ನೆ ತಾನೇ ಹೊಸ ಸೆಲ್ ಹಾಕಿಸಿದೀನಿ. ಏನಾಯ್ತು ಶಾಮಲಾ?"

"ನಂಗೊತ್ತಿಲ್ಲ ಸಾರ್," ಎಂದಳು ಟೈಪ್ ಮಾಡುವ ಹುಡುಗಿ ಶಾಮಲಾ.

ಆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ಮಾರಿದವನು, ರಿಪೇರಿ ಮಾಡಿದವನು ಶಿವಮೊಗ್ಗದ ತ್ರಿವಿಕ್ರಮ. ಅಂದು ಭದ್ರಾವತಿಯಲ್ಲೇ ಇದ್ದವನು ಫೋನ್ ಮಾಡಿದೊಡನೆ ಬಂದ.

"ಗಡಿಯಾರ ನಡೆಸೋ ಸೆಲ್ ನಾನೇ ಹಾಕಿದೀನಿ. ತಳದ ಮುಚ್ಚಳ ಬಿಚ್ಚಿ ಯಾರೋ ತೆಗೆದಿದಾರೆ. ಇದರ ಮುಂದೆ ಕೂರೋಳು ಇವಳೊಬ್ಳೇ ಅಲ್ವಾ?"

"ಅಯ್ಯೋ ಮಾರಾಯ, ಕಳ್ಳೀನ ಕೂರಿಸ್ಕೊಂಡಿದ್ನಾ ನಾನು!" ಎಂದ ವಿಶ್ವಾರಾಧ್ಯ.

ಶಾಮಲಾಳ ಕಿವಿ ಬಿಸಿಯಾಯಿತು. ಕಳ್ಳಿ! ಈ ಹೆಸರು ಹೊತ್ತು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುವುದು ಹೇಗೆ?

ಅರ್ಜಿ ಟೈಪ್ ಮಾಡಿಸಲು ಕೂತಿದ್ದ ನಿವೃತ್ತ ಪೊಲೀಸ್ ದಫೇದಾರ ಶಿವಯೋಗಪ್ಪ ಎದ್ದರು.

"ಸೆಲ್ ಹಾಕಿದ್ದು ಯಾವಾಗಪ್ಪ?"

"ಆಯುಧಪೂಜೆ ಆದ್ಮೇಲೆ."

"ಎಲ್ಲಿ ಕೂತು?"

"ಒಳಕೋಣೇಲಿ."

"ಯಾರಾದ್ರೂ ನೋಡಿದ್ರಾ?"

"ನೋಡೋಕೆ ಅದೇನು ಸಿನಿಮಾನಾ?" ತ್ರಿವಿಕ್ರಮ ನಕ್ಕ.

ಶಿವಯೋಗಪ್ಪ ವಿಶ್ವಾರಾಧ್ಯನತ್ತ ತಿರುಗಿದರು. "ಗಡಿಯಾರ ಎಲ್ಲಿವರೆಗೆ ಸರಿ ಇತ್ತು?"

"ನಿನ್ನೆವರೆಗೂ. ಹಗಲೂ ರಾತ್ರಿ ಯುಪಿಎಸ್‌ಗೇ ಸಿಕ್ಕಿಸಿತ್ತು. ನಿನ್ನೆ ಅಂಗಡಿ ಮುಚ್ಚುವಾಗ ಪ್ಲಗ್ ಕಿತ್ತೆ."

"ಅದರದ್ದೇ ದೊಡ್ಡ ಬ್ಯಾಟರಿ?"

"ತಂದಾಗ್ಲೇ ಸತ್ತಿತ್ತು."

ಶಿವಯೋಗಪ್ಪ ಲ್ಯಾಪ್‌ಟಾಪನ್ನು ಮಗುಚಿ ಹಾಕಿದರು. ತಳದಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆ!

ವಿಶ್ವಾರಾಧ್ಯ ಹಣೆ ಚಚ್ಚಿಕೊಂಡ. "ಅಮ್ಮನ ಕೆಲಸ! ಪೂಜೆ ದಿನ ಪರದೆಗೆ ಹಚ್ಚಬೇಡ ಅಂದಿದ್ದೆ."

"ಅದಕ್ಕೇ ತಳಕ್ಕೆ ಬಳಿದಿದಾರೆ. ನೋಡಿ, ಪಟ್ಟೆ ಮುಚ್ಚಳದ ಅಂಚು ದಾಟಿದೆ. ಸ್ಕ್ರೂ ಮೇಲೂ ಗಟ್ಟಿಯಾಗಿ ಕೂತಿದೆ. ಒಂದು ಗೀರಿಲ್ಲ. ಪೂಜೆ ಆದ್ಮೇಲೆ ಇದನ್ನ ಈ ಹುಡುಗೀನೂ ಬಿಚ್ಚಿಲ್ಲ — ನೀನೂ ಬಿಚ್ಚಿಲ್ಲ ತ್ರಿವಿಕ್ರಮ! ಬರೀ ತಾರೀಖು ತಿದ್ದಿ, ಸೆಲ್ ಹಾಕ್ದೆ ಅಂದೆ. ಪ್ಲಗ್ ಇರೋವರೆಗೆ ಕರೆಂಟಲ್ಲೇ ಗಡಿಯಾರ ಓಡ್ತು, ನಿನ್ನ ಸುಳ್ಳೂ ನಡೀತು."

ತ್ರಿವಿಕ್ರಮನ ನಗು ಆರಿತು. ಮುಚ್ಚಳ ಬಿಚ್ಚಿದ. ಒಳಗಿದ್ದ ಹಳೇ ಸೆಲ್ ತೆಗೆದು, ಚೀಲದಿಂದ ಹೊಸದು ತೆಗೆದು ಕೂರಿಸಿದ. ತಾರೀಖು ತಿದ್ದಿ ಪ್ಲಗ್ ಕಿತ್ತು ಮತ್ತೆ ಹಾಕಿದರೂ ಗಡಿಯಾರ ತಪ್ಪಲಿಲ್ಲ.

"ಸರಿಹೋಯ್ತಲ್ಲ, ಕೆಲಸ ನೋಡು ಶಾಮಲಾ," ಎಂದ ವಿಶ್ವಾರಾಧ್ಯ.

ಶಾಮಲಾ ಕೂರಲಿಲ್ಲ. ಎಂದೂ ಗಿರಾಕಿಗಳ ಮುಖ ನೋಡಿ ಮಾತಾಡದವಳ ದನಿ ಅಂಗಡಿ ತುಂಬ ಕೇಳಿಸಿತು.

"ಗಡಿಯಾರ ಸರಿಹೋಯ್ತು ಸಾರ್. ಇಷ್ಟು ಜನದ ಎದುರು ನನ್ನ ಕಳ್ಳಿ ಮಾಡಿದ್ರಲ್ಲ, ಅದು? ಇವರೆಲ್ಲ ಎದ್ದು ಹೋಗೋದರೊಳಗೆ ತಪ್ಪಾಯ್ತು ಅನ್ನಿ. ಇಬ್ರೂ!"

ವಿಶ್ವಾರಾಧ್ಯ ತ್ರಿವಿಕ್ರಮನ ಮುಖ ನೋಡಿದ. ತ್ರಿವಿಕ್ರಮ ಬಾಗಿಲು ನೋಡಿದ.

ಶಿವಯೋಗಪ್ಪ ಕುರ್ಚಿ ಎಳೆದು ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತರು. "ನಂಗೇನೂ ಅರ್ಜೆಂಟಿಲ್ಲ," ಎಂದರು.