ಬಿಸಿ ರಾಶಿಯೊಳಗೆ ಎರಡು ಕೈ

ಅಕ್ಟೋಬರ್ ತಿಂಗಳು, ಕಾಫಿ ಕುಯ್ಲಿನ ಮೊದಲ ವಾರ, ಮಧ್ಯಾಹ್ನದ ಹೊತ್ತು. ನಾರುವ ನೀರಿನ ಕೊಡ ಹೊತ್ತು ಸಬರ್ದಿಯ ಪಲ್ಪರ್ ಮನೆಗೆ ಹೋದೆ.

"ಏನ್ರೀ ಮೆಷಿನ್ ಯಜಮಾನ್ರೇ, ಇದನ್ನ ಕುಡೀರಿ ನೋಡೋಣ."

ಊರವರ ಕಾಫಿ ಹಣ್ಣೆಲ್ಲ ಅವನ ಪಲ್ಪರ್ ಮೆಷಿನ್ನಿನಲ್ಲೇ ಸುಲಿಯುವುದು. ಸಿಪ್ಪೆಯನ್ನು ಹಳ್ಳಕ್ಕೆ ಬಿಡುತ್ತಿದ್ದ. ಆ ಹಳ್ಳ ನಮ್ಮ ಅಡುಗೆಮನೆಯ ಹಿಂದೆ ಹರಿದು ತಾಕೆಂಗೋನ್ ಪಟ್ಟಣದ ಸರೋವರ ಸೇರುತ್ತದೆ.

ಅವನು ಕೊಡ ನೋಡಲಿಲ್ಲ, ನನ್ನನ್ನು ನೋಡಿದ. "ನಾಳೆಯಿಂದ ಬಿಡಲ್ಲ. ಆದ್ರೆ ನೀನು ದಿನಾ ಬಂದು ಬೈದು ಹೋಗ್ಬೇಕು."

ಬೈಯಲು ದಿನಾ ಹೋದೆ.

ಸಿಪ್ಪೆಯನ್ನು ಗೊಬ್ಬರ ಮಾಡಲು ಅವನಿಗೆ ಬರುತ್ತಿರಲಿಲ್ಲ. ಕರಾವಳಿಯಿಂದ ಕುಯ್ಲಿಗೆ ಬಂದಿದ್ದ ಜನಿಯಾ ಎಂಬ ವಿಧವೆಗೆ ಬರುತ್ತಿತ್ತು. ಸಿಪ್ಪೆ, ಮೇಕೆ ಹಿಕ್ಕೆ, ಬಾಳೆದಿಂಡು ಪದರ ಪದರವಾಗಿ ಹಾಕಿ ಅವನ ಅಂಗಳದಲ್ಲಿ ಹಳ್ಳದ ಬದಿಗೆ ಎದೆಯೆತ್ತರ ರಾಶಿ ಮಾಡಿದಳು. ಒಳಗೆ ಕಾವು ಹುಟ್ಟಿದೆಯೇ ಎಂದು ಕೈ ಹಾಕಿ ನೋಡಬೇಕು.

ಒಂದು ದಿನ ಹೋದಾಗ ಇಬ್ಬರ ಕೈಯೂ ಮೊಣಕೈವರೆಗೆ ಅದೇ ರಾಶಿಯೊಳಗಿತ್ತು.

"ಬಿಸಿ ಹತ್ತಿತಾ?"

"ಹತ್ತಿತು ಅಕ್ಕ!" ಎಂದ ಸಬರ್ದಿ.

ಬಾಯಲ್ಲಿ ಅಕ್ಕ. ಒಳಗೆ ಕೈಗೆ ಕೈ ತಾಗಿತೋ ಇಲ್ಲವೋ, ರಾಶಿಗೇ ಗೊತ್ತು. ಆ ಯೋಚನೆ ಮೂರು ದಿನ ನನ್ನನ್ನು ಉಣ್ಣಲು ಬಿಡಲಿಲ್ಲ.

ಶುಕ್ರವಾರ ಗಂಡಸರು ಮಸೀದಿಗೆ, ಜನಿಯಾ ಸಂತೆಗೆ ಹೋಗಿದ್ದರು. ಇಡೀ ರಾಶಿಯನ್ನು ಕೈಯಿಂದ ಬಾಚಿ ಬಾಚಿ ಹಳ್ಳಕ್ಕೆ ತಳ್ಳಿದೆ.

ಸಂಜೆಗೆ ನಮ್ಮ ಅಡುಗೆಮನೆಯೇ ನಾರಿತು. ಅಕ್ಕಿ ತೊಳೆಯಲು ತಂದ ನೀರು ಕಪ್ಪಾಗಿತ್ತು. ಅಪ್ಪ ಹತ್ತು ಜನರನ್ನು ಕರೆದುಕೊಂಡು ಸಬರ್ದಿಯ ಅಂಗಳಕ್ಕೆ ನುಗ್ಗಿದ. ಹಿಂದೆ ನಾನು.

"ಮಾತು ಕೊಟ್ಟು ತಪ್ಪಿದೆಯಲ್ಲೋ! ನಾಳೆ ನಿನ್ನ ಮೆಷಿನ್ ಕಿತ್ತು ಹಾಕ್ತೀವಿ."

ಸಬರ್ದಿ ನನ್ನ ತೋಳು ನೋಡಿದ. ಸಿಪ್ಪೆಯ ಕಂದು ಕಲೆ ಸಾಬೂನಿಗೆ ಹೋಗುವಂಥದ್ದಲ್ಲ. ನೋಡಿ ತಲೆ ತಗ್ಗಿಸಿದ.

"ತಪ್ಪಾಯ್ತು. ಕಿತ್ತು ಹಾಕಿ," ಎಂದ.

ನನಗೆ ತಡೆಯಲಾಗಲಿಲ್ಲ. ಎರಡೂ ತೋಳು ಚಾಚಿದೆ. "ಅಪ್ಪಾ, ತಳ್ಳಿದ್ದು ನಾನು."

"ನೀನಾ? ಯಾಕೇ?"

ಸಂತೆಯಿಂದ ಬಂದು ಮೂಲೆಯಲ್ಲಿ ನಿಂತಿದ್ದ ಜನಿಯಾ ನಕ್ಕಳು.

"ಹುಚ್ಚಿ ಸರ್ಮೀ, ಅದು ನಿಮ್ಮ ತೋಟದ ಗೊಬ್ಬರ ಕಣೇ! ನಿಮ್ಮ ಹಣ್ಣಿನ ಸಿಪ್ಪೆ ನಿಮ್ಮ ಸಸಿಗೇ ಹೋಗ್ಲಿ ಅಂತ ಇವನು ಬೇರೆ ತೆಗೆದಿಡಿಸಿದ್ದ. ನಾಟಿ ದಿನ ಆ ಸಸಿಗಳಿಗೆ ಮದುವೆ ಮಾತು ಇವನೇ ಹೇಳ್ಬೇಕಂತೆ."

ನಮ್ಮಲ್ಲಿ ಕಾಫಿ ಸಸಿ ನೆಡುವಾಗ ಅದಕ್ಕೆ ಗಾಳಿಯ ಜೊತೆ ಮದುವೆ ಮಾಡುತ್ತೇವೆ. ಆ ಮಾತು ಹೇಳುವವನು ತೋಟದ ಮನೆಯವನೇ ಆಗಿರಬೇಕು.

ಅಪ್ಪ ಕೆಮ್ಮಿದ. ಹತ್ತೂ ಜನ ನೆಲ ನೋಡಿದರು. ಸಬರ್ದಿಯ ಕಿವಿ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಹೊಸ ರಾಶಿ ಹಾಕಿದೆವು. ಕಾವು ಬಂದ ದಿನ ಅವನು ನನ್ನ ಕೈ ಹಿಡಿದು ಒಳಗಿಟ್ಟ.

"ಬಿಸಿ ಹತ್ತಿತಾ?"

"ಅವಳ ಕೈನೂ ಹೀಗೇ ಹಿಡಿದಿದ್ಯಾ?"

"ಇನ್ನೂ ಅದನ್ನೇ ಕೇಳ್ತೀಯಲ್ಲೇ!"

"ಹೇಳು ಮತ್ತೆ."

ನಕ್ಕ, ಹೇಳಲಿಲ್ಲ. ಮದುವೆಯಾಗಿ ನಲವತ್ತಾರು ವರ್ಷವಾಯಿತು, ಇವತ್ತಿಗೂ ಹೇಳಿಲ್ಲ.

ಆ ವರ್ಷ ಕುಯ್ಲು ಮುಗಿದಾಗ ಜನಿಯಾ ತನ್ನ ಗುದ್ದಲಿಯನ್ನು ನನ್ನ ಕೈಗಿತ್ತಳು. "ಒಂಬತ್ತು ದಿನಕ್ಕೊಮ್ಮೆ ಮಗುಚು. ಹಳ್ಳಕ್ಕಲ್ಲ!"

ಅವಳು ಹತ್ತಿದ ಲಾರಿ ತಿರುವು ದಾಟುವವರೆಗೂ ಸಬರ್ದಿ ಲಾರಿಯನ್ನೇ ನೋಡುತ್ತಿದ್ದ. ನಾನು ಅವನನ್ನು ನೋಡುತ್ತಿದ್ದೆ.

ಜನಿಯಾ ಹೋದದ್ದು ಗುರುವಾರ; ಆ ವಾರವನ್ನೂ ನಾನಿನ್ನೂ ಮರೆತಿಲ್ಲ.