ಕವಲುದಾರಿಯ ಹೆಬ್ಬಲಸಿನ ಸೊಪ್ಪು

೧೯೬೧ನೇ ಇಸವಿ ಜನವರಿ ೧೬, ಸೋಮವಾರ. ಬೆಳ್ತಂಗಡಿ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಪುಂಜಾಲಕಟ್ಟೆಯ ಶಶಿಪ್ರಭಾ ಬಾಗಿಲಲ್ಲಿ ನಿಂತಿದ್ದಳು. ಅವಳ ಗಂಡ ಲೋಕನಾಥ ಮೇಷ್ಟ್ರು ಭಾನುವಾರ ಗೆಳೆಯರೊಂದಿಗೆ ಕರಿಯಕಲ್ಲು ಗುಡ್ಡ ಹತ್ತಿದವರು ಮನೆ ಸೇರಿರಲಿಲ್ಲ. ಅವಳ ಜೊತೆಗೆ ಕಾಂಪೌಂಡರ್ ಚಿನ್ನಯ್ಯ ಬಂದಿದ್ದ. ಆರು ವರ್ಷಗಳಿಂದ ಆ ಗುಡ್ಡ ಹತ್ತುವ ಬಳಗಕ್ಕೆ ಅವನೇ ಯಜಮಾನ.

"ಎಲ್ಲಿ ತಪ್ಪಿಸಿಕೊಂಡರು?" ಸಬ್ ಇನ್‌ಸ್ಪೆಕ್ಟರ್ ಸುಧಾಕರ ಕೇಳಿದ.

"ಇಳಿಯುವಾಗ. ಅವರು ಯಾವಾಗಲೂ ಎಲ್ಲರಿಗಿಂತ ಹಿಂದೆ. ಯಾರಾದರೂ ಬಿದ್ದರೆ ಎತ್ತಬೇಕಂತೆ!" ಚಿನ್ನಯ್ಯ ತುಟಿ ಕೊಂಕಿಸಿದ. "ಹಗ್ಗ, ಟಾರ್ಚು, ಬೆಲ್ಲ, ಸೀಟಿ, ಬ್ಯಾಂಡೇಜು... ಗುಡ್ಡೆಗೆ ಹೋಗುವುದಾ, ದಂಡಯಾತ್ರೆಗಾ ಮಾರಾಯ್ರೇ? ನಾನು ಬರಿಗೈಯಲ್ಲಿ ಹತ್ತಿದವ. ಈಗ ಎಲ್ಲರಿಗೂ ಮೇಷ್ಟ್ರೇ ಬೇಕು."

"ನೀವು ಕಾಯಲಿಲ್ಲವಾ?"

"ಕಾದೆವು. ಬೇರೆ ದಾರಿಯಲ್ಲಿ ಇಳಿದು ಬಸ್ಸು ಹಿಡಿದಿರಬೇಕು ಅಂತ ಎಣಿಸಿದೆ. ದಾರಿ ತೋರಿಸಿದ್ದು ಡೊಂಬಯ್ಯ, ಅವನನ್ನು ಕೇಳಿ."

ಒಬ್ಬ ಮನುಷ್ಯ ಕಾಣೆಯಾಗಿದ್ದಾನೆ, ಇವನ ದೂರು ಅವನ ಚೀಲದ ಮೇಲೆ! ಸುಧಾಕರನಿಗೆ ಆ ಧ್ವನಿಯ ಪರಿಚಯವಿತ್ತು. ಜೊತೆಯಲ್ಲಿ ತರಬೇತಾದವನು ಸರ್ಕಲ್ ಇನ್‌ಸ್ಪೆಕ್ಟರ್ ಆದನೆಂದು ಕೇಳಿದ ದಿನ ತನ್ನ ನಾಲಿಗೆಯೂ ಹೀಗೆಯೇ ಹೊರಳಿತ್ತು. ಪ್ರಥಮ ವರ್ತಮಾನ ವರದಿ ಬರೆದು ಮುಗಿಸಿ, ಕಾನ್‌ಸ್ಟೇಬಲ್ ಉಸ್ಮಾನ್, ಇಬ್ಬರು ಪಂಚರು, ದಾರಿಗಾರ ಡೊಂಬಯ್ಯ ಎಲ್ಲರನ್ನೂ ಜೀಪಿಗೆ ಹತ್ತಿಸಿದ. ಚಿನ್ನಯ್ಯನೂ ಬರುತ್ತೇನೆಂದ.

ಗುಡ್ಡದ ನಡುವಿನ ಕವಲಿನಲ್ಲಿ ಡೊಂಬಯ್ಯ ಗಕ್ಕನೆ ನಿಂತ. ಮುಂದೆ ಹೋಗುವವನು, ಹಿಡಿಯಬಾರದ ದಾರಿಗೆ ಹಸಿಸೊಪ್ಪು ಅಡ್ಡ ಇಡುವುದು ಅಲ್ಲಿಯ ಪದ್ಧತಿ. ಎಡಕ್ಕೆ ಹೋದರೆ ಪ್ರಪಾತ. ಸೊಪ್ಪು ಬಿದ್ದಿದ್ದುದು ಬಲಕ್ಕೆ, ಊರಿಗಿಳಿಯುವ ದಾರಿಗೆ.

"ಇದು ನಾನು ಇಟ್ಟದ್ದಲ್ಲ ಸ್ವಾಮೀ! ಗುರುತಿನ ಸೊಪ್ಪನ್ನು ನಾವು ಕೈಯಲ್ಲಿ ಮುರಿಯುವುದು. ಕತ್ತಿಯಲ್ಲಿ ಕಡಿದದ್ದಾದರೆ ಗೊಬ್ಬರದ ಸೊಪ್ಪಿನವರು ಬೀಳಿಸಿದ್ದು ಅಂತ ದಾಟಿ ಹೋಗ್ತೇವೆ. ಇದು ಹೆಬ್ಬಲಸು, ಕಡಿದದ್ದು. ಪಾಪ, ಮೇಷ್ಟ್ರಿಗೆ ಅಷ್ಟೆಲ್ಲ ಗೊತ್ತಿರಲಿಕ್ಕಿಲ್ಲ."

ಡೊಂಬಯ್ಯ ಎಡದ ದಾರಿಗೆ ಮುರಿದಿಟ್ಟಿದ್ದ ಸಣ್ಣ ರೆಂಬೆ ಪೊದೆಯೊಳಗೆ ಸಿಕ್ಕಿತು.

"ಇಲ್ಲಿ ಹಿಂದೆ ಉಳಿದವರು ಯಾರು?"

ಡೊಂಬಯ್ಯ ಧ್ವನಿ ತಗ್ಗಿಸಿದ. "ಕಾಂಪೌಂಡರು. ಚಪ್ಪಲಿಯ ಬಾರು ಕಡಿಯಿತು ಅಂತ. ಮೇಷ್ಟ್ರು ಆಗ ಇನ್ನೂ ಮೇಲಿದ್ದರು."

ಅಷ್ಟರಲ್ಲಿ ಎಡಗಡೆಯ ಕೆಳಗಿನಿಂದ ಸಣ್ಣಗೆ ಸೀಟಿ ಕೇಳಿಸಿತು. ಎಲ್ಲರೂ ಬಿದ್ದೆದ್ದು ಇಳಿದರು; ಚಿನ್ನಯ್ಯ ಮಾತ್ರ ಮೇಲೆಯೇ ಉಳಿದ. ಕಲ್ಲುಗಳ ಸಂದಿಯಲ್ಲಿ ಮೇಷ್ಟ್ರು ಕೂತಿದ್ದರು. ಮುರಿದ ಕಾಲಿಗೆ ಕೋಲು ಕಟ್ಟಿ ಬ್ಯಾಂಡೇಜು ಸುತ್ತಿದ್ದರು, ಪಕ್ಕದಲ್ಲಿ ಬೆಂಕಿಯ ಬೂದಿಯಿತ್ತು. ಜೀವ ಗಟ್ಟಿಯಿತ್ತು.

"ಚಿನ್ನಯ್ಯ ಸರಿಯಾಗಿ ಇಳಿದರಾ?" ಎಂಬುದೇ ಅವರ ಮೊದಲ ಮಾತು. "ಅವರು ಟಾರ್ಚು ತರುವುದಿಲ್ಲ. ಅವರಿಗೆ ಅಂತಲೇ ಇನ್ನೊಂದು ತಂದಿದ್ದೆ. ಕೊಡಲಿಕ್ಕೇ ಆಗಲಿಲ್ಲ, ಇದನ್ನು ಮುಟ್ಟಿಸಿಬಿಡಿ." ಉಸ್ಮಾನ್ ಟಾರ್ಚನ್ನು ತೆಗೆದುಕೊಂಡ.

ಮೇಷ್ಟ್ರನ್ನು ಹೊತ್ತಿಳಿಸಿ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿ, ಕವಲಿಗೆ ಮರಳಿ ಪಂಚನಾಮೆ ಬರೆಯುವಾಗ ಸುಧಾಕರನ ಪೆನ್ಸಿಲ್ ಮೊಂಡಾಯಿತು. "ಯಾರಲ್ಲಾದರೂ ಚೂರಿ ಉಂಟಾ?"

"ಕಾಂಪೌಂಡರ ಬೀಗದಕೈ ಗೊಂಚಲಲ್ಲಿ ಉಂಟು ಸಾರ್," ಎಂದ ಉಸ್ಮಾನ್.

ಚಿನ್ನಯ್ಯನಿಗೆ ಕೊಡದೆ ವಿಧಿಯಿರಲಿಲ್ಲ. ಮಡಚುವ ಆ ಚೂರಿ ಎಷ್ಟು ಎಳೆದರೂ ಬಿಚ್ಚಲಿಲ್ಲ. ಹೊರಗೆಲ್ಲ ಸ್ವಚ್ಛ, ಸಂದಿಯಲ್ಲಿ ಮಾತ್ರ ಮೇಣ ಕಚ್ಚಿ ಹಿಡಿದಿತ್ತು.

"ತೊಳೆದಿದ್ದೀರಿ," ಸುಧಾಕರ ಹೇಳಿದ. "ಹೆಬ್ಬಲಸಿನ ಮೇಣ ನೀರಿಗೆ ಹೋಗುವುದಿಲ್ಲ ಚಿನ್ನಯ್ಯನವರೇ. ಎಣ್ಣೆ ಬೇಕಿತ್ತು."

ಚಿನ್ನಯ್ಯ ಕೈಮುಗಿದ. "ಡೊಂಬಯ್ಯನ ರೆಂಬೆ ಸಣ್ಣದು, ಮಬ್ಬಿನಲ್ಲಿ ಕಾಣಲಿಕ್ಕಿಲ್ಲ ಅಂತ ದೊಡ್ಡದು ಕಡಿದೆ. ಸಾಯಲಿ ಅಂತ ಅಲ್ಲ ಸಾರ್! ಒಂದು ರಾತ್ರಿ ದಾರಿ ತಪ್ಪಲಿ, ಆ ಚೀಲದ ಪ್ರತಾಪ ಎಲ್ಲರಿಗೂ ಗೊತ್ತಾಗಲಿ ಅಂತ."

"ಗೊತ್ತಾಯಿತಲ್ಲ."

ಮಧ್ಯಾಹ್ನ ಒಂದು ಗಂಟೆಗೆ ದಸ್ತಗಿರಿಯಾಯಿತು. ಜೀಪು ಹತ್ತುವಾಗ ಉಸ್ಮಾನ್ ಟಾರ್ಚು ಚಾಚಿದ. "ಮೇಷ್ಟ್ರು ನಿಮಗೆ ಅಂತ ತಂದದ್ದಂತೆ."

ಚಿನ್ನಯ್ಯ ಅದನ್ನು ನೋಡಿದ. ಅಳು ಒತ್ತರಿಸಿ ಬಂತು, ಆದರೆ ಪಶ್ಚಾತ್ತಾಪದ ಅಳುವಲ್ಲ. "ನೋಡಿದಿರಾ? ಇಲ್ಲಿಯೂ ಅವರೇ ಗೆದ್ದರು!"

ಸಂಜೆ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣದ ಮುಂದೆ ಸುಧಾಕರ 'ಮತ್ಸರ' ಎಂದು ಬರೆದ. ಸರ್ಕಲ್ ಆದ ಗೆಳೆಯನಿಗೆ ಅವನು ಇನ್ನೂ ಒಂದು ಒಳ್ಳೆಯ ಮಾತು ಹೇಳಿರಲಿಲ್ಲ.