ತುಂಬದ ಗುಂಡಿ

"ಅಳಿಸೋ ತೊರೇನ!"

ನನ್ನ ಕಿವಿಯ ಕೆಳಗೆ ಚಾಕು. ಕುತ್ತಿಗೆಯ ಮೇಲೆ ಕ್ವಾರಿ ಕಾಂಟ್ರಾಕ್ಟರ್‌ನ ಬಿಸಿಯುಸಿರು.

ಎದುರಿಗೆ ನನ್ನ ಆಫೀಸಿನ ಕಂಪ್ಯೂಟರ್. ಬೆಳಿಗ್ಗೆ ನಾನೇ ಡ್ರೋನ್ ಹಾರಿಸಿ ತಂದ ಗುಡ್ಡದ ಮ್ಯಾಪ್.

ಗುಡ್ಡಕ್ಕೆ ಬಿದ್ದ ಮಳೆ ಯಾವ ದಾರಿ ಹಿಡಿದು ತೊರೆಯಾಗುತ್ತದೆ ಎಂದು ಪತ್ತೆ ಹಚ್ಚುವುದು ನನ್ನ ಕಸುಬು. ತೊರೆ ಮ್ಯಾಪಿಗೆ ಬಂದರೆ ಅಲ್ಲಿ ಯಾರೂ ಕಲ್ಲು ಒಡೆಯುವಂತಿಲ್ಲ. ಅದಕ್ಕೇ ಈ ಚಾಕು!

ಕಸುಬು ಕಲಿಸಿದವನು ನನ್ನ ಭಾವ. "ಈ ತೊರೆಯ ಸೆಲೆ ತೋರಿಸಿಯೇ ತೀರ್ತೀನಿ" ಎಂದು ಕಳೆದ ಮಳೆಗಾಲಕ್ಕೆ ಮುಂಚೆ ಗುಡ್ಡ ಹತ್ತಿದ.

ಇಳಿಯಲಿಲ್ಲ.

ಅಕ್ಕ ಇನ್ನೂ ಅವನ ಷರ್ಟುಗಳಿಗೆ ಇಸ್ತ್ರಿ ಹಾಕುತ್ತಾಳೆ...

"ಯಾವ ತೊರೆ ಸರ್?" ಮ್ಯಾಪ್ ದೊಡ್ಡದು ಮಾಡಿದೆ. "ಇದಾ?"

ಅವನ ಬೆರಳು ಪರದೆಯ ಒಂದು ಚುಕ್ಕೆಗೆ ತಾಗಿತು.

"ಅದೇನದು? ಕಪ್ಪಗೆ?"

"ಗುಂಡಿ ಸರ್. ಇಂಥವು ನೂರಾರು ಇರ್ತವೆ. ಡ್ರೋನ್ ತಪ್ಪಾಗಿ ಅಳೆದಿರುತ್ತೆ."

ನಿಜ. ಅವನ್ನು ತುಂಬದಿದ್ದರೆ ಮ್ಯಾಪಿನ ನೀರು ಅಲ್ಲೇ ನಿಂತುಬಿಡುತ್ತದೆ. ಹಾಗಾಗಿ ಎಲ್ಲರೂ ಕಣ್ಣು ಮುಚ್ಚಿಕೊಂಡು ಒಂದೇ ಕ್ಲಿಕ್ಕಿಗೆ ತುಂಬುತ್ತಾರೆ. ಭಾವ ಮಾತ್ರ ಬೈಯುತ್ತಿದ್ದ: "ಮೊದ್ಲು ನೋಡೋ ಭಾಮೈದ, ಆಮೇಲೆ ಮುಚ್ಚು!"

"ತುಂಬು ಅದನ್ನ."

"ತುಂಬಿದ್ರೆ ನೀರು ಸರಾಗವಾಗಿ ಹರಿಯುತ್ತೆ ಸರ್. ತೊರೆ ಇನ್ನೂ ಸ್ಪಷ್ಟವಾಗಿ ಕಾಣುತ್ತೆ. ನಿಮಗೇ ನಷ್ಟ."

"ತೊರೆ ಹಾಳಾಗ್ಲಿ! ಅದೊಂದನ್ನ ತುಂಬೋ ಲೇ!"

ಅದೊಂದನ್ನ?

ನೂರಾರು ಗುಂಡಿಗಳಿವೆ. ಇವನ ಬೆರಳು ಒಂದರ ಮೇಲೇ ನೆಟ್ಟಿದೆ.

ಆಗ ನೋಡಿದೆ. ಭಾವ ಹೇಳಿದ ಹಾಗೆ.

ಉದ್ದಕ್ಕೆ ಒಂದಾಳು. ಅಗಲಕ್ಕೆ ಎರಡು ಭುಜ.

ಅಗೆದು ಮುಚ್ಚಿದ ಮಣ್ಣು ಒಂದು ಮಳೆಗಾಲ ಕಳೆದರೆ ಕುಸಿಯುತ್ತದೆ...



"ಆಯ್ತು ಸರ್, ತುಂಬ್ತೀನಿ."

ಮೌಸ್ ಬಿಟ್ಟೆ. ಪಕ್ಕದಲ್ಲಿದ್ದ ಸರ್ವೆ ಸ್ಟ್ಯಾಂಡ್ ಎಳೆದೆ. ಅದರ ಕಬ್ಬಿಣದ ಮೊನೆ ಅವನ ಪಾದಕ್ಕಿಳಿಯಿತು!

ಅವನ ಚೀರಾಟ. ನನ್ನ ಕಿವಿಯ ಬುಡದಲ್ಲಿ ರಕ್ತ. ನಾಲ್ಕೇ ನೆಗೆತಕ್ಕೆ ಹೊರಬಿದ್ದು ಶಟರ್ ಎಳೆದೆ. ಬೀಗ ಜಡಿದೆ. ಒಳಗಿನಿಂದ ತಗಡು ಗುದ್ದುತ್ತಿದ್ದ.

"ಲೇ! ನಿನ್ನನ್ನೂ ಅಲ್ಲೇ ಮಲಗಿಸ್ತೀನಿ ಕಣೋ!"

ಅಷ್ಟು ಸಾಕಿತ್ತು. ಪೊಲೀಸರಿಗೆ ಫೋನ್ ಮಾಡಿದೆ.

ಸಂಜೆಯೊಳಗೆ ಅಗೆದರು. ಮೊದಲು ಬಂದದ್ದು ಒದ್ದೆ ಮಣ್ಣು. ಆಮೇಲೆ ಒಂದು ಷರ್ಟಿನ ತೋಳು. ಆಮೇಲೆ, ಭಾವನ ಬೆನ್ನಿನಡಿಯಿಂದ, ತಿಳಿನೀರು... ನಿಲ್ಲಲೇ ಇಲ್ಲ.

ಅಕ್ಕ ಬಂದಳು. ಅಳಲಿಲ್ಲ.

"ಏನಂದ್ರು ನಿಮ್ಮ ಭಾವ, ಹೋಗೋವಾಗ?"

"ಸೆಲೆ ತೋರಿಸ್ತೀನಿ ಅಂದ್ರು, ಅಕ್ಕ."

ಮಾತಿಗೆ ತಪ್ಪುವ ಆಸಾಮಿಯಲ್ಲ. ಸರಿಯಾಗಿ ಅದರ ಮೇಲೇ ಮಲಗಿ ಕಾಯುತ್ತಿದ್ದ.